ಗೌಸ್ ಮತ್ತು ಮಾಡ್ಯುಲಸ್ ಎಂಬ ಪದ

ಒಂಬತ್ತನೆಯ ತರಗತಿಯಲ್ಲಿ ಅದು ನನ್ನ ನಾಲ್ಕನೆಯ ಅಭ್ಯಾಸ ಪಾಠ. ಹಲಗೆಯ ಮೇಲೆ −7ರ ಎರಡೂ ಬದಿಗೆ ನೇರ ಗೆರೆ ಎಳೆದು, ಇದರ ಮಾಡ್ಯುಲಸ್ 7 ಎಂದು ಬರೆದೆ. ಮಾಡ್ಯುಲಸ್ ಎಂದರೆ ಋಣ ಚಿಹ್ನೆಯನ್ನು ತೆಗೆಯುವುದು ಎಂದೂ ಹೇಳಿಬಿಟ್ಟೆ. ಹುಡುಗಿಯೊಬ್ಬಳು ಎದ್ದು, ಕಂಪ್ಯೂಟರ್ ಪಾಠದಲ್ಲಿ 17 ಮಾಡ್ 5 ಎಂದರೆ 2 ಬರುತ್ತದೆ, 17ಕ್ಕೆ ಋಣ ಚಿಹ್ನೆಯೇ ಇಲ್ಲವಲ್ಲ ಎಂದು ಕೇಳಿದಳು. ಎರಡೂ ಒಂದೇ, ಮುಂದೆ ತಿಳಿಯುತ್ತದೆ ಎಂದು ಕೂರಿಸಿದೆ. ಆ ಉತ್ತರ ತಪ್ಪಾಗಿತ್ತು. ತಿದ್ದಿಕೊಳ್ಳಲು ಹೊರಟಾಗ ಸಿಕ್ಕವರು ಕಾರ್ಲ್ ಫ್ರೆಡ್ರಿಕ್ ಗೌಸ್.

ನಾವು ಗೌಸ್‌ರನ್ನು 1ರಿಂದ 100ರವರೆಗೆ ಥಟ್ಟನೆ ಕೂಡಿದ ಬಾಲಕನ ಕಥೆಯಲ್ಲೇ ನಿಲ್ಲಿಸುತ್ತೇವೆ. ಅವರು ಹುಟ್ಟಿದ್ದು 1777ರ ಏಪ್ರಿಲ್ 30ರಂದು, ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ. ತಂದೆ ತೋಟದ ಕೆಲಸ, ಗಾರೆ ಕೆಲಸ ಮಾಡಿ ಸಂಸಾರ ನಡೆಸಿದವರು; ತಾಯಿಗೆ ಬರೆಯಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಸಹಾಯಕನಾಗಿದ್ದ ಬಾರ್ಟೆಲ್ಸ್ ಗೌಸ್‌ಗಿಂತ ಎಂಟೇ ವರ್ಷ ದೊಡ್ಡವನು. ಹುಡುಗನ ಜೊತೆ ಕುಳಿತು ತಾನೂ ಗಣಿತ ಓದಿದ. ಇದೇ ಬಾರ್ಟೆಲ್ಸ್ ಮುಂದೆ ರಷ್ಯಾದ ಕಜಾನ್‌ನಲ್ಲಿ ಲೊಬಚೆವ್‌ಸ್ಕಿಗೂ ಗುರುವಾದ. ಅಲ್ಲಿನ ಡ್ಯೂಕ್ ವಿದ್ಯಾರ್ಥಿವೇತನ ಕೊಟ್ಟಿದ್ದರಿಂದ ಗೌಸ್‌ರ ಓದು ಮುಂದುವರಿಯಿತು.

1796ರಲ್ಲಿ, ಇನ್ನೂ 19 ತುಂಬುವ ಮೊದಲೇ, 17 ಬಾಹುಗಳ ಕ್ರಮ ಬಹುಭುಜವನ್ನು ಅಳತೆಪಟ್ಟಿ ಮತ್ತು ಕೈವಾರದಿಂದಲೇ ರಚಿಸಬಹುದೆಂದು ಅವರು ತೋರಿಸಿದರು. 1801ರಲ್ಲಿ ಸಂಖ್ಯಾಶಾಸ್ತ್ರದ ಅವರ ಲ್ಯಾಟಿನ್ ಗ್ರಂಥ ಪ್ರಕಟವಾಯಿತು. ನನ್ನ ವಿದ್ಯಾರ್ಥಿನಿಯ ಮಾಡ್ ಇರುವುದು ಅದರ ಆರಂಭದಲ್ಲೇ. ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಮೂರನೆಯದೊಂದು ನಿಶ್ಶೇಷವಾಗಿ ಭಾಗಿಸಿದರೆ ಅವೆರಡೂ ಸಮಶೇಷ. ಭಾಗಿಸುವ ಆ ಸಂಖ್ಯೆಯೇ ಮಾಡ್ಯುಲಸ್. 17 ಮತ್ತು 2ರ ವ್ಯತ್ಯಾಸ 15, ಆದ್ದರಿಂದ 5ರ ಮಟ್ಟಿಗೆ ಅವು ಒಂದೇ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಪುಟ್ಟ ಅಳತೆ ಎಂದರ್ಥ. ಇಲ್ಲಿ 5 ಎಂಬುದು ಅಳತೆಗೋಲು, ಉತ್ತರವಲ್ಲ.

ಅದೇ ವರ್ಷ ಕಣ್ಮರೆಯಾಗಿದ್ದ ಸೆರೆಸ್ ಎಂಬ ಆಕಾಶಕಾಯದ ಪಥವನ್ನು ಲೆಕ್ಕಹಾಕಿ ಅವರು ಯುರೋಪಿನಲ್ಲೆಲ್ಲ ಹೆಸರಾದರು. ಕಷ್ಟಗಳು ಬೆನ್ನಿಗೇ ಬಂದವು. 1806ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಗಾಯಗೊಂಡು ಡ್ಯೂಕ್ ತೀರಿಕೊಂಡರು. 1807ರಲ್ಲಿ ಗೌಸ್ ಗಟ್ಟಿಂಗನ್ ವೀಕ್ಷಣಾಲಯ ಸೇರಿದರು. 1809ರಲ್ಲಿ ಪತ್ನಿ ಯೊಹಾನಾ ಹೆರಿಗೆಯ ನಂತರ ತೀರಿಕೊಂಡರು. ಮರುವರ್ಷ ಆ ಮಗುವೂ ಉಳಿಯಲಿಲ್ಲ.

ಇನ್ನು ಎರಡನೆಯ ಅರ್ಥ. ಸಂಕೀರ್ಣ ಸಂಖ್ಯೆಯನ್ನು ಸಮತಲದ ಬಿಂದುವಾಗಿ ಕಂಡರೆ, ಮೂಲಬಿಂದುವಿನಿಂದ ಅದಕ್ಕಿರುವ ದೂರವನ್ನು ಆರ್ಗಾನ್ 1814ರಲ್ಲಿ ಮಾಡ್ಯುಲಸ್ ಎಂದು ಕರೆದರು. ಎರಡು ನೇರ ಗೆರೆಗಳ ಚಿಹ್ನೆ 1841ರಲ್ಲಿ ವೈಯರ್‌ಸ್ಟ್ರಾಸ್ ಅವರದು. 3+4i ಯ ಮಾಡ್ಯುಲಸ್ 5. −7ರದು 7, ಅಂದರೆ ಸೊನ್ನೆಯಿಂದ ಅದಕ್ಕಿರುವ ದೂರ. ಚಿಹ್ನೆ ತೆಗೆಯುವುದು ಎಂಬ ನನ್ನ ವಿವರಣೆ 3+4i ಯ ಮುಂದೆ ನಿಲ್ಲುವುದೇ ಇಲ್ಲ. ಗೌಸ್ ಮಾತ್ರ 3 ಮತ್ತು 4ರ ವರ್ಗಗಳ ಮೊತ್ತ 25ಕ್ಕೆ ನಾರ್ಮ್ ಎಂಬ ಬೇರೆ ಪದವನ್ನೇ ಇಟ್ಟುಕೊಂಡರು. ಸಂಕೀರ್ಣ ಸಂಖ್ಯೆಗಳಲ್ಲೂ ಭಾಗಿಸುವ ಸಂಖ್ಯೆಯೇ ಅವರಿಗೆ ಮಾಡ್ಯುಲಸ್ ಆಗಿ ಉಳಿಯಿತು.

ಗೌಸ್‌ಗೆ ಪಾಠ ಮಾಡುವುದು ಅಷ್ಟು ಇಷ್ಟವಿರಲಿಲ್ಲ. ಆದರೂ ರೀಮನ್, ಡೆಡೆಕಿಂಡ್ ಅವರ ಶಿಷ್ಯರಾದರು. 1855ರ ಫೆಬ್ರುವರಿ 23ರಂದು ಗಟ್ಟಿಂಗನ್‌ನಲ್ಲೇ ಅವರು ನಿಧನರಾದರು.

ಮುಂದಿನ ವಾರ ಅದೇ ತರಗತಿಗೆ ಹೋಗಿ, ಹಿಂದಿನ ಸಲ ನಾನು ಹೇಳಿದ್ದು ತಪ್ಪು ಎಂದು ಮೊದಲು ಒಪ್ಪಿಕೊಂಡೆ. ಹಲಗೆಯ ಒಂದು ಬದಿಗೆ ಸಂಖ್ಯಾರೇಖೆ, ಇನ್ನೊಂದು ಬದಿಗೆ ಗಡಿಯಾರ ಬರೆದೆ. ರೈಲಿನ ವೇಳಾಪಟ್ಟಿಯ 17 ಗಂಟೆ ಗಡಿಯಾರದಲ್ಲಿ ಎಷ್ಟು ಎಂದು ಕೇಳಿದೆ. 5 ಎಂದು ಮೊದಲು ಹೇಳಿದವಳು ಅದೇ ಹುಡುಗಿ. ಇಲ್ಲಿ ಮಾಡ್ಯುಲಸ್ 12 ಎಂದು ಸೇರಿಸಿದವಳೂ ಅವಳೇ. ಈಗ ನನ್ನ ಪಾಠ ಯೋಜನೆಯಲ್ಲಿ ಪ್ರತಿ ಹೊಸ ಪದದ ಮುಂದೆ ಒಂದು ಸಾಲು ಖಾಲಿ ಬಿಡುತ್ತೇನೆ: ಮಕ್ಕಳು ಈ ಪದವನ್ನು ಬೇರೆಲ್ಲಿ ಕೇಳಿರಬಹುದು?