ಸೀಟು ಬೆಲ್ಟಿನ ಶಿಲ್ಪಿ ನಿಲ್ಸ್ ಬೊಹ್ಲಿನ್

ಕಾರು ಹತ್ತಿ ಕುಳಿತೊಡನೆ ಹೆಗಲ ಮೇಲಿಂದ ಪಟ್ಟಿಯೊಂದನ್ನೆಳೆದು ಸೊಂಟದ ಬಳಿ ಸಿಕ್ಕಿಸಿಕೊಳ್ಳುವುದು ಈಗ ನಮ್ಮಲ್ಲೂ ರೂಢಿಯಾಗುತ್ತ ಬಂದಿದೆ. ಕೆಲವರು ಜೀವಭಯದಿಂದ, ಹಲವರು ಕ್ಯಾಮರಾದ ಭಯದಿಂದ ಹಾಗೆ ಮಾಡುತ್ತಾರೆ. ಯಾವ ಭಯದಿಂದಾದರೂ ಸರಿ, ಪ್ರತಿಸಲವೂ ನಾವು ಸ್ವೀಡನ್ ದೇಶದ ಒಬ್ಬ ಎಂಜಿನಿಯರರ ಋಣಕ್ಕೆ ಬೀಳುತ್ತೇವೆ. ಮೋಟಾರು ಲೋಕದಲ್ಲಿ ನಿಲ್ಸ್ ಬೊಹ್ಲಿನ್ ಎಂಬ ಅವರ ಹೆಸರು ಪ್ರಸಿದ್ಧ. ಸುರಕ್ಷತಾ ಸಾಧನಗಳು ದುಡ್ಡಿದ್ದವರ ಕಾರಿಗೆ ಮಾತ್ರವೋ, ಮಾರಾಟವಾಗುವ ಪ್ರತಿಯೊಂದು ಕಾರಿಗೂ ಇರಬೇಕೋ ಎಂಬ ಚರ್ಚೆ ನಮ್ಮ ದೇಶದಲ್ಲಿ ಇನ್ನೂ ಮುಗಿಯದಿರುವಾಗ ಅವರ ಜೀವನವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಬೊಹ್ಲಿನ್ ಹುಟ್ಟಿದ್ದು 1920ರ ಜುಲೈ 17ರಂದು, ಸ್ವೀಡನ್ನಿನ ಹೆರ್ನೋಸಾಂಡ್ ಎಂಬ ಕರಾವಳಿ ಪಟ್ಟಣದಲ್ಲಿ. 1939ರಲ್ಲಿ ಅಲ್ಲಿಯೇ ಯಂತ್ರಶಾಸ್ತ್ರದ ಡಿಪ್ಲೊಮಾ ಮುಗಿಸಿ, 1942ರಲ್ಲಿ ಸಾಬ್ ವಿಮಾನ ಕಾರ್ಖಾನೆಗೆ ಸೇರಿದರು. ಅಲ್ಲಿ ಅವರ ಪಾಲಿಗೆ ಬಂದ ಕೆಲಸ ವಿಚಿತ್ರವಾದದ್ದು. ಯುದ್ಧವಿಮಾನ ಕೆಟ್ಟು ಕೆಳಗೆ ಬೀಳುವಾಗ ವೈಮಾನಿಕನನ್ನು ಆಸನಸಹಿತ ಆಕಾಶಕ್ಕೆ ಚಿಮ್ಮಿಸಿ ಬದುಕಿಸುವ ಆಸನದ ರಚನೆ ಅದು. ಹೀಗೆ ಚಿಮ್ಮುವಾಗ ದೇಹದ ಮೇಲೆ ಬೀಳುವ ಒತ್ತಡವೆಷ್ಟು, ಅದನ್ನು ತಡೆಯಬಲ್ಲ ಎಲುಬು ಯಾವುದು, ಪಟ್ಟಿ ಎಲ್ಲಿ ಬಿಗಿದರೆ ಮನುಷ್ಯ ಉಳಿಯುತ್ತಾನೆ, ಎಲ್ಲಿ ಬಿಗಿದರೆ ಸಾಯುತ್ತಾನೆ ಎಂಬುದನ್ನು ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದರು.

ಆ ಕಾಲದಲ್ಲಿ ಕಾರಿಗೆ ಬೆಲ್ಟ್ ಇರಲಿಲ್ಲವೆಂದಲ್ಲ. ಸೊಂಟಕ್ಕೆ ಮಾತ್ರ ಬಿಗಿಯುವ ಪಟ್ಟಿಗಳು ಅಲ್ಲಲ್ಲಿ ಬಂದಿದ್ದವು. ಅವುಗಳ ಕೊಂಡಿ ಹೊಟ್ಟೆಯ ಮೇಲೆಯೇ ಕೂರುತ್ತಿದ್ದುದರಿಂದ ವೇಗದ ಡಿಕ್ಕಿಯಲ್ಲಿ ಅದು ಒಳಗಿನ ಅಂಗಾಂಗಗಳನ್ನೇ ಜಜ್ಜಿಬಿಡುತ್ತಿತ್ತು. ಎದೆಗೆ ಅಡ್ಡಲಾಗಿ ಮಾತ್ರ ಹಾಕುವ ಪಟ್ಟಿಯಲ್ಲಿ ಸೊಂಟ ಮುಂದಕ್ಕೆ ಜಾರುತ್ತಿತ್ತು. ಅಮೇರಿಕದಲ್ಲಿ ಗ್ರಿಸ್ವೋಲ್ಡ್ ಮತ್ತು ಡಿಹೇವನ್ ಎಂಬಿಬ್ಬರು 1955ರಲ್ಲಿಯೇ ಎದೆ, ಸೊಂಟ ಎರಡನ್ನೂ ಹಿಡಿಯುವ ಬೆಲ್ಟಿಗೆ ಪೇಟೆಂಟ್ ಪಡೆದಿದ್ದರು; ಅದರಲ್ಲೂ ಕೊಂಡಿ ಹೊಟ್ಟೆಯ ನಡುವೆಯೇ ಉಳಿದಿತ್ತು. 1956ರಲ್ಲಿ ಫೋರ್ಡ್ ಕಂಪೆನಿ ಹೆಚ್ಚುವರಿ ಹಣ ಕೊಟ್ಟವರಿಗೆ ಬೆಲ್ಟ್ ಒದಗಿಸಿ ನೋಡಿತು. ಆದರೆ ಸುರಕ್ಷತೆಯ ಹೆಸರಿನಲ್ಲಿ ಕಾರು ಮಾರಾಟವಾಗದೆಂಬ ನಂಬಿಕೆ ಅಲ್ಲಿನ ತಯಾರಕರಲ್ಲಿ ಬಲವಾಗಿ ಬೇರೂರಿತು. ಅದೇ ಮಾತನ್ನು ನಾವು ಭಾರತದಲ್ಲಿ ಅರ್ಧ ಶತಮಾನದ ಬಳಿಕವೂ ಕೇಳಬೇಕಾಯಿತು.

1956ರಿಂದ ವೋಲ್ವೋ ಸಂಸ್ಥೆಯ ಮುಖ್ಯಸ್ಥರಾಗಿದ್ದ ಗುನ್ನಾರ್ ಎಂಗೆಲ್ಲೌ ಅವರ ಬಂಧುವೊಬ್ಬರು ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಆ ನೋವು ಎಂಗೆಲ್ಲೌ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. 1958ರಲ್ಲಿ ಅವರು ಬೊಹ್ಲಿನ್ನರನ್ನು ಸಾಬ್‌ನಿಂದ ಕರೆತಂದು ಸುರಕ್ಷತಾ ಎಂಜಿನಿಯರರನ್ನಾಗಿ ನೇಮಿಸಿದರು. ವಿಮಾನದಲ್ಲಿ ಕೆಲಸ ಮಾಡಿದವರಿಗೆ ಕಾರು ಸುಲಭವೆಂದು ತೋರಬಹುದು, ಬೊಹ್ಲಿನ್ನರಿಗೆ ಹಾಗನ್ನಿಸಲಿಲ್ಲ. ವೈಮಾನಿಕನು ಪ್ರಾಣ ಉಳಿಯುವುದಾದರೆ ಏನು ಕಟ್ಟಿದರೂ ಕಟ್ಟಿಸಿಕೊಳ್ಳುತ್ತಾನೆ. ಪೇಟೆಗೆ ಹೊರಟ ಗೃಹಸ್ಥನು ಒಂದು ನಿಮಿಷದ ಕಿರಿಕಿರಿಯನ್ನೂ ಸಹಿಸುವುದಿಲ್ಲ. ಆದುದರಿಂದ ಬೆಲ್ಟ್ ಗಟ್ಟಿಯಾಗಿದ್ದರೆ ಸಾಲದು, ಅದನ್ನು ಹಾಕಿಕೊಳ್ಳುವುದು ಮಗುವಿಗೂ ಬರುವಷ್ಟು ಸುಲಭವಾಗಿರಬೇಕು ಎಂಬಲ್ಲಿಂದ ಅವರು ಯೋಚನೆಯನ್ನು ಆರಂಭಿಸಿದರು.

ಸುಮಾರು ಒಂದು ವರ್ಷದಲ್ಲಿ ಉತ್ತರ ಸಿಕ್ಕಿತು. ಒಂದು ಪಟ್ಟಿ ಎದೆಗೆ ಅಡ್ಡಲಾಗಿ, ಇನ್ನೊಂದು ಸೊಂಟದ ಎಲುಬಿನ ಮೇಲೆ. ಎರಡೂ ಬಂದು ಸೇರುವುದು ಆಸನದ ಪಕ್ಕದಲ್ಲಿ ತಗ್ಗಿನ ಒಂದೇ ಬಿಂದುವಿನಲ್ಲಿ. ಹೊಟ್ಟೆಯ ಮೇಲಿದ್ದ ಕೊಂಡಿ ಪಕ್ಕಕ್ಕೆ ಸರಿಯಿತು. ಡಿಕ್ಕಿಯ ಹೊಡೆತವನ್ನು ಮೆತ್ತನೆಯ ಹೊಟ್ಟೆಯ ಬದಲು ಎದೆಗೂಡು ಮತ್ತು ಸೊಂಟದ ಗಟ್ಟಿ ಎಲುಬುಗಳು ಹೊತ್ತುಕೊಳ್ಳುವಂತಾಯಿತು. ಎಲ್ಲವೂ ಒಂದೇ ಕೈಯಿಂದ, ಒಂದೇ ಎಳೆತದಲ್ಲಿ. ಅದನ್ನು ನೋಡಿದವರಿಗೆ ಇಷ್ಟು ಸರಳವಾದುದನ್ನು ಮೊದಲೇ ಏಕೆ ಯಾರೂ ಮಾಡಲಿಲ್ಲವೆಂದು ಅನ್ನಿಸಿದರೆ ಆಶ್ಚರ್ಯವಿಲ್ಲ.

1959ರ ಆಗಸ್ಟ್ 13ರಂದು ಈ ಬೆಲ್ಟ್ ಅಳವಡಿಸಿದ ಮೊದಲ ವೋಲ್ವೋ ಕಾರು ಸ್ವೀಡನ್ನಿನ ಕ್ರಿಸ್ಟಿಯನ್‌ಸ್ಟಾಡ್ ಪಟ್ಟಣದ ವ್ಯಾಪಾರಿಯ ಕೈಸೇರಿತು. ಬೆಲ್ಟಿಗಾಗಿ ಬೇರೆ ಹಣ ಕೊಡಬೇಕಿರಲಿಲ್ಲ. ಚಕ್ರ, ಬ್ರೇಕುಗಳಂತೆ ಅದೂ ಕಾರಿನ ಜೊತೆಗೇ ಬಂತು. 1962ರ ಜುಲೈ 10ರಂದು ಬೊಹ್ಲಿನ್ನರಿಗೆ ಅಮೇರಿಕದ ಪೇಟೆಂಟ್ ದೊರೆಯಿತು. ಆ ಪೇಟೆಂಟನ್ನು ಇಟ್ಟುಕೊಂಡು ವೋಲ್ವೋ ಕೋಟಿಗಟ್ಟಲೆ ಗಳಿಸಬಹುದಿತ್ತು. ಬದಲಾಗಿ ಯಾವ ಕಂಪೆನಿ ಬೇಕಾದರೂ ಬಳಸಿಕೊಳ್ಳಲೆಂದು ಅದನ್ನು ಮುಕ್ತವಾಗಿ ಬಿಟ್ಟಿತು. ಆದರೂ ಸ್ವತಃ ವೋಲ್ವೋ ಆ ಬೆಲ್ಟನ್ನು ಮೊದಲು ಕೊಟ್ಟದ್ದು ತನ್ನ ಮನೆಯಂಗಳದ ನಾರ್ಡಿಕ್ ದೇಶಗಳಿಗೆ. ಅಮೇರಿಕ ಮೊದಲಾದ ಕಡೆಗೆ ಅದು ತಲುಪಿದ್ದು 1963ರಲ್ಲಿ. ಒಂದೇ ಕಂಪೆನಿಯ ಕಾರು ಒಂದು ದೇಶದಲ್ಲಿ ಒಂದು ಬಗೆ, ಇನ್ನೊಂದು ದೇಶದಲ್ಲಿ ಇನ್ನೊಂದು ಬಗೆ ಎಂಬ ಪದ್ಧತಿ ಅಷ್ಟು ಹಳೆಯದು.

ಬೆಲ್ಟ್ ಕೊಟ್ಟರೂ ಜನ ಕಟ್ಟಿಕೊಳ್ಳಲಿಲ್ಲ. ಬೊಹ್ಲಿನ್ ಹಟ ಬಿಡಲಿಲ್ಲ. ವೋಲ್ವೋ ಕಾರುಗಳು ಸ್ವೀಡನ್ನಿನಲ್ಲಿ ಸಿಲುಕಿದ 28,000 ಅಪಘಾತಗಳ ವಿವರ ಕಲೆಹಾಕಿ, 1967ರಲ್ಲಿ ಅಮೇರಿಕಕ್ಕೆ ಹೋಗಿ ತಜ್ಞರ ಸಭೆಯ ಮುಂದಿಟ್ಟರು. ಬೆಲ್ಟ್ ಕಟ್ಟಿದವರಲ್ಲಿ ಗಂಟೆಗೆ 60 ಮೈಲಿಗಿಂತ ಕಡಿಮೆ ವೇಗದ ಡಿಕ್ಕಿಯಲ್ಲಿ ಯಾರೂ ಸತ್ತಿರಲಿಲ್ಲ. ಕಟ್ಟದವರು ಗಂಟೆಗೆ 12 ಮೈಲಿಯ ವೇಗದಲ್ಲೂ ಸತ್ತಿದ್ದರು. 1968ರಿಂದ ಅಮೇರಿಕದ ಹೊಸ ಕಾರುಗಳಲ್ಲಿ ಬೆಲ್ಟ್ ಇರಲೇಬೇಕೆಂಬ ನಿಯಮ ಬಂತು. ಕಟ್ಟಿಕೊಳ್ಳುವುದನ್ನೇ ಮೊದಲಾಗಿ ಕಡ್ಡಾಯಗೊಳಿಸಿದ್ದು ಆಸ್ಟ್ರೇಲಿಯದ ವಿಕ್ಟೋರಿಯ ಸಂಸ್ಥಾನ, 1970ರಲ್ಲಿ. ಬೆಲ್ಟಿನ ತವರಾದ ಸ್ವೀಡನ್ನಿಗೆ 1975ರವರೆಗೆ ಕಾಲಬೇಕಾಯಿತು. ಬೊಹ್ಲಿನ್ ವೋಲ್ವೋದ ಸಂಶೋಧನಾ ವಿಭಾಗದಲ್ಲಿ ಉನ್ನತ ಹೊಣೆ ಹೊತ್ತು 1985ರಲ್ಲಿ ನಿವೃತ್ತರಾದರು.

ಆ ಹೊತ್ತಿಗೆ ನಮ್ಮಲ್ಲಿ ಏನಿತ್ತು? ಅಂಬಾಸಿಡರ್ ಇತ್ತು, ಪ್ರೀಮಿಯರ್ ಪದ್ಮಿನಿ ಇತ್ತು, 1983ರ ಕೊನೆಗೆ ಬಂದ ಮಾರುತಿ ಇತ್ತು. ನಮ್ಮ ಜಿಲ್ಲೆಯ ಗುಡ್ಡದ ರಸ್ತೆಗಳಲ್ಲಿ ಒಳಗೂ ಹೊರಗೂ ಜನ ತುಂಬಿಕೊಂಡು ಓಡುತ್ತಿದ್ದ ಸರ್ವಿಸ್ ಜೀಪುಗಳಿದ್ದವು. ಅವುಗಳಲ್ಲಿ ಬೆಲ್ಟಿನ ಮಾತೆತ್ತಿದ್ದರೆ ನಕ್ಕುಬಿಡುತ್ತಿದ್ದರು. ಮುಂದಿನ ಆಸನಗಳಿಗೆ ಬೆಲ್ಟ್ ಅಳವಡಿಸಿಯೇ ಕಾರು ಮಾರಬೇಕೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 1994ರಲ್ಲಿ. ಎಂದರೆ ಕ್ರಿಸ್ಟಿಯನ್‌ಸ್ಟಾಡಿನಿಂದ ಇಲ್ಲಿಗೆ ಬರಲು ಒಂದು ಪಟ್ಟಿಗೆ 35 ವರ್ಷ ಹಿಡಿಯಿತು. ಪೇಟೆಂಟಿನ ಅಡ್ಡಿ ಇರಲಿಲ್ಲ, ತಂತ್ರಜ್ಞಾನದ ಗುಟ್ಟೂ ಇರಲಿಲ್ಲ. ಕೇಳುವವರಿರಲಿಲ್ಲ, ಕೊಡುವವರೂ ಇರಲಿಲ್ಲ. ಹಿಂದಿನ ಆಸನದ ಬೆಲ್ಟಿಗೆ 2002ರವರೆಗೆ ಕಾದೆವು. ಅದೇ ವರ್ಷ ಸೆಪ್ಟೆಂಬರ್ 21ರಂದು ಬೊಹ್ಲಿನ್ ತಮ್ಮ 82ನೆಯ ವಯಸ್ಸಿನಲ್ಲಿ ಸ್ವೀಡನ್ನಿನಲ್ಲಿ ನಿಧನರಾದರು. ಅವರ ಬೆಲ್ಟಿನಿಂದ ಹತ್ತು ಲಕ್ಷಕ್ಕೂ ಹೆಚ್ಚು ಜೀವ ಉಳಿದಿದೆಯೆಂದು ವೋಲ್ವೋ ಸಂಸ್ಥೆಯ ಅಂದಾಜು.

ಅವರು ಹೋದ ಮೇಲೂ ಕಥೆ ಏರ್‌ಬ್ಯಾಗಿನ ರೂಪದಲ್ಲಿ ಮುಂದುವರಿಯಿತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಭಾರತದಲ್ಲಿ ಮಾರಾಟವಾಗುತ್ತಿದ್ದ ಆಲ್ಟೊ, ನ್ಯಾನೊ, ಐ10, ಫಿಗೊ, ಪೋಲೊ ಎಂಬ ಐದು ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ. ಬಳಿಕ ಎರಡು ಏರ್‌ಬ್ಯಾಗ್ ಸೇರಿಸಿದ ಪೋಲೊ ಅದೇ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. ಕೆಲವು ಕಾರುಗಳ ಮೈಯೇ ಎಷ್ಟು ದುರ್ಬಲವಾಗಿತ್ತೆಂದರೆ ಏರ್‌ಬ್ಯಾಗ್ ಹಾಕಿದರೂ ಪ್ರಯೋಜನ ಕಡಿಮೆಯೆಂದು ಪರೀಕ್ಷಕರು ಕಂಡುಕೊಂಡರು. ಚಾಲಕನ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದು 2019ರ ಜುಲೈಯಲ್ಲಿ, ಪಕ್ಕದವನದ್ದು 2021ರಲ್ಲಿ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಪ್ರಸ್ತಾಪವನ್ನು ಕೇಂದ್ರ ಸರಕಾರ 2022ರ ಜನವರಿಯಲ್ಲಿ ಮುಂದಿಟ್ಟು, ಒಂದು ವರ್ಷ ಮುಂದೂಡಿ, 2023ರ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು.

ಸಣ್ಣ ಕಾರಿನ ತಯಾರಕರ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಬೆಲೆ ಏರಿದರೆ ಕಾರಿನ ಆಸೆ ಬಿಟ್ಟ ಸಂಸಾರ ಮಕ್ಕಳನ್ನು ಸ್ಕೂಟರಿನ ಮೇಲೆಯೇ ಕೂರಿಸಿಕೊಂಡು ಹೋಗುತ್ತದೆ. ಸ್ಕೂಟರು ಕಾರಿಗಿಂತ ಅಪಾಯಕಾರಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಈ ಲೆಕ್ಕ ನೋಡಿದವರು ಬೆಲೆಯ ಮಾತನ್ನು ಹಗುರವಾಗಿ ಆಡಲಾರರು. ಆದರೂ ನಮ್ಮ ಅಭಿಪ್ರಾಯ ತಯಾರಕರ ಕಡೆಗಿಲ್ಲ. ಇಚ್ಛೆಯಿದ್ದವರು ಕೊಳ್ಳಲಿ ಎಂದು ಬಿಟ್ಟ ಸಾಧನ ಯಾವಾಗಲೂ ದುಬಾರಿಯಾಗಿಯೇ ಉಳಿಯುತ್ತದೆ. ಲಕ್ಷಗಟ್ಟಲೆ ಕಾರುಗಳಿಗೆ ಒಟ್ಟಿಗೆ ಅಳವಡಿಸುವಾಗ ಅದರ ಖರ್ಚು ಇಳಿಯುತ್ತದೆ. ಮೇಲಾಗಿ ಕಾರು ಕೊಳ್ಳುವಾಗ ಒಂದಿಷ್ಟು ಸಾವಿರ ಉಳಿಸಿದ್ದು ತಂದೆ, ಹಿಂದಿನ ಸೀಟಿನಲ್ಲಿ ಕೂರುವುದು ಮಕ್ಕಳು ಮತ್ತು ಅಜ್ಜಿ. ಬಾಡಿಗೆ ಕಾರು ಹತ್ತುವವನಿಗಂತೂ ಆಯ್ಕೆಯೇ ಇಲ್ಲ.

ಇರುವುದನ್ನು ಬಳಸುವುದರಲ್ಲೂ ನಾವು ಹಿಂದೆ. ಬೆಲ್ಟ್ ಕಟ್ಟದೆ 2022ರಲ್ಲಿ ಸತ್ತವರು 16,715 ಮಂದಿ, ಅವರಲ್ಲಿ ಅರ್ಧದಷ್ಟು ಪ್ರಯಾಣಿಕರು. ಆ ವರ್ಷದ ಸೆಪ್ಟೆಂಬರ್ 4ರಂದು ಪಾಲ್‌ಘರ್ ಬಳಿ ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಬೆಲ್ಟ್ ಕಟ್ಟಿರಲಿಲ್ಲ. ಬೆಲ್ಟಿಲ್ಲದವನಿಗೆ ಉಬ್ಬುವ ಏರ್‌ಬ್ಯಾಗೇ ಪೆಟ್ಟು ಕೊಡಬಹುದು. ಬೆಲ್ಟಿನ ಎಚ್ಚರಿಕೆಯ ಸದ್ದನ್ನು ಅಡಗಿಸಲು ಬರೀ ಕೊಂಡಿಯ ತುಂಡನ್ನು ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳಿಗೆ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಮಾರಾಟ ನಿಲ್ಲಿಸಲು ಆಜ್ಞೆ ಮಾಡಬೇಕಾಯಿತು. ಗಲ್ಫಿನಲ್ಲಿ ದಂಡಕ್ಕೆ ಹೆದರಿ ತಪ್ಪದೆ ಬೆಲ್ಟ್ ಕಟ್ಟುವ ನಮ್ಮ ಹುಡುಗರು ರಜೆಗೆ ಬಂದು ಮಂಗಳೂರು ವಿಮಾನ ನಿಲ್ದಾಣದಿಂದ ಮನೆಗೆ ಹೊರಡುವಾಗ ಅದನ್ನು ಮರೆಯುವುದನ್ನು ನೋಡುತ್ತಲೇ ಇದ್ದೇವೆ. ಮರೆವಿಗೆ ಅವರೊಬ್ಬರೇ ಕಾರಣರಲ್ಲ. ಬಾಡಿಗೆ ಕಾರಿನ ಹಿಂದಿನ ಸೀಟಿನ ಕೊಂಡಿಗಳು ಹಲವೆಡೆ ಸೀಟು ಕವರಿನ ಅಡಿಯಲ್ಲಿ ಹೂತುಹೋಗಿರುತ್ತವೆ. ಮದುವೆಗೋ ಆಸ್ಪತ್ರೆಗೋ ಕಾರು ಗೊತ್ತುಮಾಡುವಾಗ ಅವನ್ನು ಹೊರತೆಗೆದಿಡಲು ಚಾಲಕನಿಗೆ ಮೊದಲೇ ಹೇಳಿಟ್ಟರೆ ಅಜ್ಜಿಗೂ ಮಕ್ಕಳಿಗೂ ಬೆಲ್ಟ್ ಕಟ್ಟಲು ಐದು ನಿಮಿಷ ಸಾಕು.