ಡಾಕ್ಟರ್ ರುಖ್ಮಾಬಾಯಿಯವರು

ಬುದ್ಧಿ ತಿಳಿಯುವ ಮೊದಲೇ ಆದ ಮದುವೆಗೆ ಹೆಣ್ಣುಮಗಳು ಒಳಗಾಗಿರಲೇಬೇಕೋ? ಈ ಪ್ರಶ್ನೆಯ ನಿಮಿತ್ತ ಸೆರೆಮನೆಗೂ ಸಿದ್ಧರಾದ ಒಬ್ಬ ಸ್ತ್ರೀಯ ಚರಿತ್ರೆಯನ್ನು ನಮ್ಮ ವಾಚಕರಿಗೆ ಸಂಕ್ಷೇಪವಾಗಿ ತಿಳಿಸಲಿಚ್ಛಿಸುತ್ತೇವೆ.

ರುಖ್ಮಾಬಾಯಿಯವರು 1864ನೇ ಇಸವಿಯಲ್ಲಿ ಮುಂಬಯಿಯಲ್ಲಿ ಹುಟ್ಟಿದರು. ಎಳೆತನದಲ್ಲಿಯೇ ತಂದೆಯನ್ನು ಕಳಕೊಂಡರು. ತಾಯಿಯಾದ ಜಯಂತಿಬಾಯಿಯವರು ಡಾಕ್ಟರ್ ಸಖಾರಾಮ ಅರ್ಜುನರನ್ನು ಪುನರ್ವಿವಾಹವಾದರು. ಹನ್ನೊಂದನೇ ವಯಸ್ಸಿನಲ್ಲಿ ರುಖ್ಮಾಬಾಯಿಯವರನ್ನು ದಾದಾಜಿ ಭಿಕಾಜಿ ಎಂಬವರಿಗೆ ಮದುವೆಮಾಡಿ ಕೊಟ್ಟರು. ಆದರೆ ಇವರು ಗಂಡನ ಮನೆಗೆ ಹೋಗದೆ, ತಾಯಿಯ ಬಳಿಯಲ್ಲಿಯೇ ಇದ್ದು ವಿದ್ಯಾಭ್ಯಾಸದಲ್ಲಿ ಮನಸ್ಸಿಟ್ಟರು.

1884ರಲ್ಲಿ ದಾದಾಜಿಯು ಹೆಂಡತಿಯನ್ನು ತನಗೆ ಒಪ್ಪಿಸಿಕೊಡಬೇಕೆಂದು ಮುಂಬಯಿ ಹೈಕೋರ್ಟಿನಲ್ಲಿ ದಾವೆ ಹೂಡಿದನು. ಈ ಬಗೆಯ ದಾವೆಯು ಹಿಂದೂ ಶಾಸ್ತ್ರದಿಂದ ಬಂದದ್ದಲ್ಲ. ಇಂಗ್ಲೆಂಡಿನ ಸಭಾನ್ಯಾಯಸ್ಥಾನಗಳಿಂದ ಬಂದದ್ದೆಂಬುದನ್ನು ನಾವು ಗಮನಿಸತಕ್ಕದ್ದು. ಕೂಡಿ ಬಾಳಿ ಅಗಲಿದವರಿಗೆ ಮಾತ್ರ ಇದು ಸಲ್ಲುವದು, ಎಂದೂ ಕೂಡಿ ಬಾಳದವರಿಗೆ ಸಲ್ಲದೆಂದು ನ್ಯಾಯಾಧಿಪತಿ ಪಿನ್ಹೇಯವರು 1885ರಲ್ಲಿ ತೀರ್ಪುಕೊಟ್ಟರು. ಆದರೆ ಅಪೀಲಿನಲ್ಲಿ ಆ ತೀರ್ಪು ನಿಲ್ಲಲಿಲ್ಲ. ತಿಂಗಳೊಳಗೆ ಗಂಡನ ಮನೆ ಸೇರಬೇಕು, ಇಲ್ಲವಾದರೆ ಆರು ತಿಂಗಳ ಸೆರೆವಾಸವೆಂದು ನ್ಯಾಯಾಧಿಪತಿ ಫ್ಯಾರನ್ನರು 1887ರಲ್ಲಿ ಆಜ್ಞಾಪಿಸಿದರು. ಸೆರೆಗಾದರೂ ಹೋಗುವೆನು, ಆ ಮನೆಗೆ ಹೋಗೆನೆಂಬುದೇ ರುಖ್ಮಾಬಾಯಿಯವರ ಉತ್ತರವಾಗಿತ್ತು. ಬಾಲಗಂಗಾಧರ ತಿಲಕರು ಇವರನ್ನು ಖಂಡಿಸಿದರು. ಬೆಹ್ರಾಮ್‌ಜಿ ಮಲಬಾರಿಯವರು ಇವರ ಪಕ್ಷ ಹಿಡಿದರು. ಕಡೆಗೆ 1888ರಲ್ಲಿ ದಾದಾಜಿಯು ಎರಡು ಸಾವಿರ ರೂಪಾಯಿ ಪಡೆದು ತನ್ನ ಹಕ್ಕನ್ನು ಬಿಟ್ಟುಕೊಟ್ಟನು.

ಅನಂತರ ಇವರು ಲಂಡನ್ನಿಗೆ ಹೋಗಿ ವೈದ್ಯವಿದ್ಯೆಯನ್ನು ಕಲಿತು 1894ರಲ್ಲಿ ಪರೀಕ್ಷೆಗಳನ್ನು ಮುಗಿಸಿದರು. ಹಿಂದಿರುಗಿ ಸೂರತ್ತಿನಲ್ಲಿಯೂ ರಾಜಕೋಟೆಯಲ್ಲಿಯೂ ಬಹುಕಾಲ ಸ್ತ್ರೀಯರ ಶುಶ್ರೂಷೆ ಮಾಡಿದರು. 1955ರಲ್ಲಿ ಮರಣಹೊಂದಿದರು.

ಇವರ ವ್ಯಾಜ್ಯವೆಬ್ಬಿಸಿದ ಚರ್ಚೆಯು 1891ರ ಸಮ್ಮತಿವಯಸ್ಸಿನ ಕಾಯಿದೆಗೆ ದಾರಿಮಾಡಿತು. ಹತ್ತು ವರುಷವಿದ್ದ ಮಿತಿಯು ಹನ್ನೆರಡಾಯಿತು. ಈ ಬಗೆಯ ದಾವೆಗೆ ಸೆರೆಯ ಶಿಕ್ಷೆಯು 1923ರಲ್ಲಿ ತೆಗೆಯಲ್ಪಟ್ಟಿತು. ದಾವೆಯಾದರೋ ಉಳಿದದೆ: ಹಿಂದೂಗಳಿಗೆ 1955ರ ವಿವಾಹ ಕಾಯಿದೆಯ 9ನೇ ಕಲಮಿನಲ್ಲಿಯೂ, ಕ್ರೈಸ್ತರಾದ ನಮಗೆ 1869ರ ವಿಚ್ಛೇದನ ಕಾಯಿದೆಯ 32ನೇ ಕಲಮಿನಲ್ಲಿಯೂ ಅದು ಅದೆ. ಈಗ ಹದಿನೆಂಟು ತುಂಬದ ಹೆಣ್ಣಿಗೆ ಮದುವೆಮಾಡಿಸುವದು ಅಪರಾಧವಾಗಿದೆ. ಆದರೂ ವಯಸ್ಸು ತುಂಬಿದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತೆಂದು ತಿಳಿಯಬಾರದು. ಆದದರಿಂದ ತಂದೆತಾಯಿಗಳೇ, ನಿಶ್ಚಿತಾರ್ಥಕ್ಕೆ ಮುಂಚೆ ಮಗಳನ್ನು ಪ್ರತ್ಯೇಕವಾಗಿ ಕೇಳಿರಿ. ಅವಳು ಬೇಡವೆಂದರೆ ಆ ಮಾತಿಗೆ ಕಿವಿಗೊಡಿರಿ.