ಹಿರಿಯ ಕೆಂಪೇಗೌಡನೂ ಅವನ ಮಣ್ಣಿನ ಕೋಟೆಯೂ

ವಿಜಯನಗರದ ಅರಸರ ಆಶ್ರಯದಲ್ಲಿ ಯಲಹಂಕನಾಡನ್ನು ಪಾಲಿಸುತ್ತಿದ್ದ ನಾಡಪ್ರಭುಗಳು ಮೊರಸು ಒಕ್ಕಲು ಕುಲದವರು. ಆವತಿಯ ರಣಭೈರೇಗೌಡನ ಸಂತತಿಯವರು. ಭೈರವನನ್ನು ಮನೆದೇವರಾಗಿ ಪೂಜಿಸುತ್ತಿದ್ದ ಶಿವಭಕ್ತರು. ಈ ವಂಶದ ಕೆಂಪನಂಜೇಗೌಡನಿಗೆ 1510ರಲ್ಲಿ ಜನಿಸಿದವನೇ ಹಿರಿಯ ಕೆಂಪೇಗೌಡನು. ಪಟ್ಟಕ್ಕೆ ಬಂದ ಮೇಲೆ ಈತನು ಹಿರಿಯರಂತೆ ಯಲಹಂಕದಲ್ಲಿಯೇ ನೆಲಸಿ, ವರ್ಷಕ್ಕೊಮ್ಮೆ ರಾಯರಿಗೆ ಕಾಣಿಕೆಯನ್ನೊಪ್ಪಿಸಿಕೊಂಡು ಸುಖವಾಗಿರಬಹುದಾಗಿದ್ದಿತು. ಹಾಗಿರಲು ಅವನ ಮನಸ್ಸು ಒಪ್ಪಲಿಲ್ಲ. ಮೊಲವು ಬೇಟೆಯ ನಾಯಿಯನ್ನು ಅಟ್ಟಿಬಂದ ಕಥೆಯನ್ನು ಎಲ್ಲರೂ ಬಲ್ಲರು. ಅಂಥ ಕಥೆಯು ಕನ್ನಡನಾಡಿನ ಹಲವು ಊರುಗಳಿಗೆ ಉಂಟಾದುದರಿಂದ ಅದನ್ನಿಲ್ಲಿ ವಿಸ್ತರಿಸಬೇಕಾದುದಿಲ್ಲ.

ಅಚ್ಯುತರಾಯನ ಅನುಮತಿಯನ್ನು ಪಡೆದು 1537ರಲ್ಲಿ ಗೌಡನು ಬೆಂಗಳೂರಿನ ಕೋಟೆಗೆ ಅಸ್ತಿಭಾರವನ್ನಿಕ್ಕಿದನು. ಇಂದು ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಎಡೆಯಲ್ಲಿ ನಾಲ್ಕು ಜೊತೆ ಎತ್ತುಗಳನ್ನು ನೇಗಿಲಿಗೆ ಹೂಡಿ ನಾಲ್ಕು ದಿಕ್ಕಿಗೂ ಬಿಟ್ಟರೆಂದೂ, ಆ ನೇಗಿಲ ಸಾಲುಗಳೇ ಬೀದಿಗಳಾದುವೆಂದೂ ವೃದ್ಧರು ಹೇಳುವರು. ಮೂಡಲಿಗೆ ಹಲಸೂರು ಬಾಗಿಲು, ಬಡಗಲಿಗೆ ಯಲಹಂಕ ಬಾಗಿಲು, ತೆಂಕಲಿಗೆ ಆನೇಕಲ್ಲು ಬಾಗಿಲು, ಪಡುವಲಿಗೆ ಸೊಂಡೆಕೊಪ್ಪದ ದಾರಿ. ಗೋಡೆಯು ಮಣ್ಣಿನದು, ಸುತ್ತಲೂ ಕಂದಕವು. ಈ ಸಾಹಸವನ್ನು ಕಂಡು ಮೆಚ್ಚಿದ ರಾಯನು ಹಲಸೂರು, ಬೇಗೂರು, ವರ್ತೂರು, ಜಿಗಣಿ, ತಲಘಟ್ಟಪುರ, ಕುಂಬಳಗೋಡು, ಕೆಂಗೇರಿ ಮೊದಲಾದ ಹೋಬಳಿಗಳನ್ನು ಉಂಬಳಿಯಾಗಿ ಕೊಟ್ಟನು. ಅವುಗಳ ಉತ್ಪನ್ನವು 30,000 ವರಹಗಳು.

ಕೋಟೆಯೆಂದೊಡನೆ ಕತ್ತಿ ಗುರಾಣಿಗಳೂ ಕಾವಲ ಭಟರೂ ನೆನಪಿಗೆ ಬರುವುದು ಸಹಜ. ಆದರೆ ಈ ಗೋಡೆಯೊಳಗೆ ಭಟರಿಗಿಂತ ದುಡಿಯುವವರೇ ಹೆಚ್ಚಾಗಿದ್ದರೆಂಬುದನ್ನು ಬೀದಿಗಳ ಹೆಸರುಗಳೇ ಸಾರುತ್ತಿವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ ಎಂದು ಒಂದೊಂದು ಕಾಯಕಕ್ಕೆ ಒಂದೊಂದು ಕೇರಿಯು. ಹೊತ್ತು ಮೂಡುವಾಗ ಬಾಗಿಲು ತೆರೆಯುವುದೂ, ಹಳ್ಳಿಯ ಬಂಡಿಗಳು ಸುಂಕವನ್ನು ತೆತ್ತು ಒಳಕ್ಕೆ ಬರುವುದೂ, ಕತ್ತಲಾದೊಡನೆ ಅಗುಳಿ ಬೀಳುವುದೂ ಆ ಕಾಲದ ಕೋಟೆಗಳ ವಾಡಿಕೆ. ಇಂದು ಜಯನಗರ, ಬನಶಂಕರಿ, ಜೆ.ಪಿ. ನಗರಗಳೆನ್ನಿಸಿಕೊಳ್ಳುವ ತೆಂಕಣ ನೆಲವು ಆಗ ಹೊಲಗದ್ದೆಗಳೂ ಕೆರೆಗಳೂ ಆಗಿದ್ದಿತು. ಪೇಟೆಯವರು ತಿನ್ನುವ ರಾಗಿಯು ಬೆಳೆಯುತ್ತಿದ್ದುದು ಇಂಥ ಹಳ್ಳಿಗಳಲ್ಲಿಯೇ. ಹತ್ತಿರದಲ್ಲಿ ದೊಡ್ಡ ಹೊಳೆಯೊಂದೂ ಇಲ್ಲದ ಈ ಎತ್ತರದ ನೆಲದಲ್ಲಿ ಊರನ್ನು ಕಟ್ಟಿದವನಿಗೆ ಶತ್ರುವಿನ ಭಯಕ್ಕಿಂತ ನೀರಿನ ಚಿಂತೆಯೇ ದೊಡ್ಡದಾಗಿದ್ದಿರಬೇಕು. ಧರ್ಮಾಂಬುಧಿಯೂ ಕೆಂಪಾಂಬುಧಿಯೂ ಆ ಚಿಂತೆಯ ಫಲಗಳು. ಮೊದಲನೆಯದರ ಪಾತ್ರದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಕೋಟೆಯ ಹೊರಗೆ ತೆಂಕಣ ಗುಡ್ಡದ ಮೇಲೆ ಏಕಶಿಲೆಯ ದೊಡ್ಡ ಬಸವಣ್ಣನಿಗೆ ಗುಡಿಯನ್ನು ಕಟ್ಟಿಸಿದವನೂ ಈತನೇ. ಕಾರ್ತಿಕದ ಕಡೆಯ ಸೋಮವಾರ ಒಕ್ಕಲು ಮಕ್ಕಳು ಕಡಲೆಕಾಯಿಯನ್ನು ತಂದು ಅಲ್ಲಿ ಪರಿಷೆಯನ್ನು ನಡೆಸುತ್ತಿರುವರು.

ಗೌಡನ ಕುಲದಲ್ಲಿ ಹೆಂಗಸರ ಎಡಗೈಯ ಕಡೆಯ ಎರಡು ಬೆರಳುಗಳ ತುದಿಯನ್ನು ಬಂಡಿದೇವರ ಹೆಸರಿನಲ್ಲಿ ಕತ್ತರಿಸುವ ಪದ್ಧತಿಯೊಂದಿದ್ದಿತು. ದೇವರ ಹೆಸರಿನಲ್ಲಿ ನಡೆಯುವ ಕ್ರೌರ್ಯವನ್ನು ತಡೆಯುವುದು ಸುಲಭವಲ್ಲ. ಸ್ವಕುಲದವರ ಆಚಾರವನ್ನು ತಡೆಯುವುದು ಮತ್ತೂ ಕಷ್ಟ. ಕೆಂಪೇಗೌಡನು ಅದನ್ನು ನಿಷೇಧಿಸಿದನು. ಯುದ್ಧದಲ್ಲಿ ಗೆದ್ದುದಕ್ಕಿಂತಲೂ ಇದು ಹಿರಿದಾದ ಗೆಲವು.

ಇಂಥವನ ಮನೆಗೇ ಆ ಕೋಟೆಯಿಂದ ದುಃಖವು ಬಂದಿತು. ತೆಂಕಣ ಬಾಗಿಲನ್ನು ಹಗಲೆಲ್ಲ ಕಟ್ಟಿದರೂ ರಾತ್ರಿ ಕುಸಿದು ಬೀಳುತ್ತಿದ್ದಿತಂತೆ. ಗರ್ಭಿಣಿಯ ಬಲಿಯಾಗದೆ ಬಾಗಿಲು ನಿಲ್ಲದೆಂದು ಬಲ್ಲವರೆನಿಸಿಕೊಂಡವರು ಹೇಳಿದರು. ಗೌಡನು ಅದಕ್ಕೆ ಒಪ್ಪಲಿಲ್ಲ. ಆ ಮಾತು ಸೊಸೆ ಲಕ್ಷ್ಮಮ್ಮನ ಕಿವಿಗೆ ಬಿದ್ದಿತು. ಮಾವನ ಕೆಲಸವು ಕೆಡಬಾರದೆಂದು, ತುಂಬಿದ ಬಸುರಿಯಾದ ಆಕೆ ನಡುರಾತ್ರಿಯಲ್ಲಿ ಒಬ್ಬಳೇ ಹೋಗಿ ಬಾಗಿಲ ಬಳಿ ಕತ್ತಿಯಿಂದ ಪ್ರಾಣವನ್ನೊಪ್ಪಿಸಿಕೊಂಡಳೆಂದು ನಾಡಿನವರು ಹೇಳುವರು. ಪ್ರಾಣಿಬಲಿಯನ್ನೇ ಒಪ್ಪದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಈ ಕಥೆಯು ಹಿತವಾಗಲಾರದು. ಆಕೆಯ ತ್ಯಾಗಕ್ಕೆ ಕೈಮುಗಿಯಬಹುದು. ಆ ಮಾತನ್ನು ಹೇಳಿದ ಬಲ್ಲವರಿಗೆ ಮುಗಿಯಲಾಗದು. ನಾಡಿನ ಹೆಂಗಸರ ಬೆರಳುಗಳನ್ನು ಉಳಿಸಿದವನಿಗೆ ತನ್ನ ಮನೆಯ ಹೆಣ್ಣುಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ.

ಗೌಡನ ಏಳಿಗೆಯು ನೆರೆಯ ಪಾಳೆಯಗಾರರಿಗೆ ಸಹ್ಯವಾಗಲಿಲ್ಲ. ಈತನು ಅಪ್ಪಣೆಯಿಲ್ಲದೆ ಭೈರವದೇವರ ಹೆಸರಿನಲ್ಲಿ ನಾಣ್ಯವನ್ನು ಟಂಕಿಸಿದುದು ಅವರಿಗೆ ನೆಪವಾಯಿತು. ಚನ್ನಪಟ್ಟಣದ ಜಗದೇವರಾಯನ ದೂರು ವಿಜಯನಗರಕ್ಕೆ ಮುಟ್ಟಿತು. ಗೌಡನನ್ನು ಕರೆಸಿ ಆನೆಗೊಂದಿಯಲ್ಲಿ ಸೆರೆಯಿಟ್ಟರು. ಅವನ ಸೀಮೆಯು ಜಗದೇವರಾಯನ ಪಾಲಾಯಿತು. ತಾನು ಕಟ್ಟಿದ ಕೋಟೆಯನ್ನು ಬಿಟ್ಟು ಪರರ ಕೋಟೆಯಲ್ಲಿ 5 ವರ್ಷಗಳನ್ನು ಕಳೆಯಬೇಕಾದುದು ಅವನ ಬಾಳಿನ ಕಠಿನಪರೀಕ್ಷೆ. ಅಲ್ಲಿಂದ ಬಿಡುಗಡೆಯಾಗಿ ಬಂದ ಮೇಲೆ ಸೀಮೆಯನ್ನು ಮರಳಿ ಪಡೆದು, ಕೃತಜ್ಞತೆಯಿಂದ ಗವಿ ಗಂಗಾಧರೇಶ್ವರನ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಪ್ರತೀತಿಯುಂಟು. ಮಕರ ಸಂಕ್ರಾಂತಿಯ ಸಂಜೆ ಸೂರ್ಯರಶ್ಮಿಯು ನಂದಿಯ ಕೊಂಬುಗಳ ನಡುವಣಿಂದ ಹಾದು ಲಿಂಗವನ್ನು ಮುಟ್ಟುವುದನ್ನು ನೋಡಲು ಭಕ್ತರು ಇಂದಿಗೂ ಅಲ್ಲಿ ನೆರೆಯುವರು.

1569ರಲ್ಲಿ ಹಿರಿಯ ಕೆಂಪೇಗೌಡನು ಶಿವೈಕ್ಯನಾದನು. ಮಾಗಡಿಯ ಬಳಿಯ ಕೆಂಪಾಪುರದಲ್ಲಿ ಅವನ ಸಮಾಧಿಯಿರುವುದು 2015ರಲ್ಲಿ ಬೆಳಕಿಗೆ ಬಂದಿತು. ಇಮ್ಮಡಿ ಕೆಂಪೇಗೌಡನು ನಾಲ್ಕು ದಿಕ್ಕುಗಳಲ್ಲಿ ಗೋಪುರಗಳನ್ನು ಎತ್ತಿಸಿದನು. ಲಾಲ್‌ಬಾಗಿನ ಬಂಡೆಯ ಮೇಲಿರುವುದು ಅವುಗಳಲ್ಲೊಂದು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿಯಲು ಗೌಡನ ವಂಶವು ಮಾಗಡಿಗೆ ಸರಿಯಿತು. 1761ರಲ್ಲಿ ಹೈದರನು ಮಣ್ಣಿನ ಕೋಟೆಯನ್ನು ಕಲ್ಲಿನದನ್ನಾಗಿ ಮಾಡಿದನು. 1791ರಲ್ಲಿ ಕಾರ್ನ್‌ವಾಲಿಸನ ಫಿರಂಗಿಗಳು ಆ ಕಲ್ಲನ್ನೂ ಒಡೆದುವು. ಪೇಟೆಯ ಮಣ್ಣಿನ ಗೋಡೆಯೂ ಕಂದಕವೂ ಕ್ರಮೇಣ ಬೀದಿಗಳಲ್ಲಿ ಕರಗಿಹೋದುವು. ಆನೇಕಲ್ಲು ಬಾಗಿಲು ಈಗ ಇಲ್ಲ. ಕೋರಮಂಗಲದಲ್ಲಿ ಲಕ್ಷ್ಮಮ್ಮನ ಸಮಾಧಿಯಿದೆ.